ನೀರೊಳಗಿನ ತುಕ್ಕು



ಬದನೆಕಾಯಿ ಹೆಚ್ಚಿದ ಕೂಡಲೇ ಹೋಳುಗಳನ್ನು ನೀರಿಗೆ ಹಾಕುವುದು ನಮ್ಮ ಅಡುಗೆಮನೆಗಳ ರೂಢಿ. ಗಾಳಿಗೆ ಬಿಟ್ಟರೆ ಕಪ್ಪಾಗುತ್ತವೆ. ರಸಾಯನಶಾಸ್ತ್ರ ಇದನ್ನು ಉತ್ಕರ್ಷಣ ಎನ್ನುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಅದೇ ಜಾತಿಯ ಕ್ರಿಯೆ. ಆದರೆ ನೀರಿನಲ್ಲೂ ಆಮ್ಲಜನಕ ಕರಗಿರುತ್ತದೆ, ಮೀನು ಉಸಿರಾಡುವುದೇ ಅದನ್ನು. ಆ ಆಮ್ಲಜನಕಕ್ಕೆ ಬೆಳಕಿನ ಬಲ ದಕ್ಕಿದರೆ, ನಮ್ಮ ಡಿಎನ್‌ಎ ಕಟ್ಟಿರುವ ಇಟ್ಟಿಗೆಗಳೂ ಕೆಡುತ್ತವೆ. ಇದು ಮನುಷ್ಯನ ಅರಿವಿಗೆ ಬಂದ ಬಗೆಯನ್ನು ಇವತ್ತು ಹೇಳುತ್ತೇನೆ.

ಕಥೆ ಶುರುವಾಗುವುದು ಜರ್ಮನಿಯ ಮ್ಯೂನಿಕ್‌ನಲ್ಲಿ, 1897-98ರ ಚಳಿಗಾಲದಲ್ಲಿ. ಪ್ರೊಫೆಸರ್ ಟಪ್ಪೈನರ್ ಅವರ ಕೈಕೆಳಗಿನ ವಿದ್ಯಾರ್ಥಿ ಆಸ್ಕರ್ ರಾಬ್, ಅಕ್ರಿಡಿನ್ ಎಂಬ ಬಣ್ಣದ್ರವ್ಯ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಎಷ್ಟು ಹೊತ್ತಿಗೆ ಕೊಲ್ಲುತ್ತದೆಂದು ಅಳೆಯುತ್ತಿದ್ದ. ಗುಡುಗು-ಮೋಡದ ಒಂದು ದಿನ, ಅದೇ ದ್ರಾವಣದಲ್ಲಿ ಆ ಜೀವಿಗಳು ಬಹಳ ಹೊತ್ತು ಬದುಕಿದವು. ಬದಲಾಗಿದ್ದದ್ದು ಬೆಳಕು ಮಾತ್ರ. ಪ್ರಯೋಗ ತಪ್ಪಿತೆಂದು ಅದನ್ನು ಅವನು ಬದಿಗೆ ಸರಿಸಬಹುದಿತ್ತು. ಸರಿಸಲಿಲ್ಲ. ಬಣ್ಣ ಹೀಗೆ ಕೊಲ್ಲಲು ಬೆಳಕಿನ ಜೊತೆಗೆ ಆಮ್ಲಜನಕವೂ ಬೇಕೆಂದು ಮುಂದೆ ತಿಳಿಯಿತು. ಬೆಳಕು, ಬಣ್ಣ, ಆಮ್ಲಜನಕ ಮೂರೂ ಕೂಡಿದಾಗ ಆಗುವ ಈ ಹಾನಿಗೆ ಟಪ್ಪೈನರ್ 1904ರಲ್ಲಿ 'ಫೋಟೋಡೈನಮಿಕ್' ಎಂದು ಹೆಸರಿಟ್ಟರು.

ಆದರೆ ಹೊಡೆಯುವವರು ಯಾರು? ಬಣ್ಣವೇ, ಆಮ್ಲಜನಕವೇ? 1930ರ ದಶಕದ ಆರಂಭದಲ್ಲಿ ಹಾನ್ಸ್ ಕೌಟ್ಸ್ಕಿ ಮಾಡಿದ ಪ್ರಯೋಗ ನನಗೆ ಈ ಇಡೀ ಚರಿತ್ರೆಯಲ್ಲೇ ಅತ್ಯಂತ ಚೆಂದದ್ದು. ಸಿಲಿಕಾ ಜೆಲ್‌ನ ಕೆಲವು ಹರಳುಗಳಿಗೆ ಬಣ್ಣ ಹಿಡಿಸಿದರು. ಬೇರೆ ಹರಳುಗಳಿಗೆ, ಉತ್ಕರ್ಷಣವಾದರೆ ಹಸಿರಾಗುವ ಬಣ್ಣವಿಲ್ಲದ ವಸ್ತುವನ್ನು ಹಿಡಿಸಿದರು. ಎರಡನ್ನೂ ಬೆರೆಸಿ, ತೆಳುವಾದ ಆಮ್ಲಜನಕದಲ್ಲಿಟ್ಟು ಬೆಳಕು ಬಿಟ್ಟರು. ಬಣ್ಣ ತಾಗದ ಆ ಹರಳುಗಳು ಹಸಿರಾದವು! ಹರಳಿನಿಂದ ಹರಳಿಗೆ ಹಾರಬಲ್ಲದ್ದು ಅಲ್ಲಿ ಅನಿಲವೊಂದೇ. ಅಂದರೆ ಬಣ್ಣ ತಾನು ಹೀರಿದ ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿ ಅದನ್ನು ಕೆರಳಿಸಿದೆ. ಹೀಗೆ ಕೆರಳಿದ ರೂಪಕ್ಕೆ ಸಿಂಗ್ಲೆಟ್ ಆಕ್ಸಿಜನ್ ಎನ್ನುತ್ತಾರೆ. ಸಮಕಾಲೀನರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾದ ಫೂಟ್ ಮತ್ತು ವೆಕ್ಸ್‌ಲರ್, ಬೆಳಕೇ ಇಲ್ಲದೆ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಹೈಪೋಕ್ಲೋರೈಟ್ ಬೆರೆಸಿ ಅದೇ ಆಮ್ಲಜನಕವನ್ನು ಪಡೆದು, ಬೆಳಕು-ಬಣ್ಣಗಳಿಂದ ಬರುವ ಅದೇ ಉತ್ಪನ್ನಗಳನ್ನು ತೋರಿಸಿದರು. ಮೂವತ್ತು ವರ್ಷ! ಆಗ ಕೌಟ್ಸ್ಕಿ ಇನ್ನೂ ಬದುಕಿದ್ದರೆಂಬುದು ನನಗೊಂದು ಸಮಾಧಾನ.

ಇತ್ತ 1962ರಲ್ಲಿ ಅಮೆರಿಕದ ಸೈಮನ್ ಮತ್ತು ವ್ಯಾನ್ ವುನಾಕಿಸ್ ಡಿಎನ್‌ಎ ದ್ರಾವಣಕ್ಕೆ ಮೆಥಿಲೀನ್ ಬ್ಲೂ ಬೆರೆಸಿ ಬೆಳಕಿಗೆ ಹಿಡಿದಿದ್ದರು. ಅಕ್ವೇರಿಯಂ ಮೀನು ಸಾಕುವವರಿಗೆ ಪರಿಚಯವಿರುವ ನೀಲಿಯೇ ಅದು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಪೆಟ್ಟು ತಿಂದದ್ದು ಮುಖ್ಯವಾಗಿ ಗ್ವಾನಿನ್. ಕಡಲಹಕ್ಕಿಗಳ ಹಿಕ್ಕೆಯಾದ ಗ್ವಾನೋದಲ್ಲಿ 1844ರಲ್ಲಿ ಸಿಕ್ಕ ವಸ್ತುವಾದ್ದರಿಂದ ಅದಕ್ಕೆ ಆ ಹೆಸರು. ನಾಲ್ವರಲ್ಲಿ ಇಲೆಕ್ಟ್ರಾನನ್ನು ಅತಿ ಸುಲಭವಾಗಿ ಬಿಟ್ಟುಕೊಡುವುದು ಅದೇ. ಹಾಗಾಗಿ ಅದು ಎರಡೂ ಕಡೆಯಿಂದ ಸಿಕ್ಕಿಬೀಳುತ್ತದೆ: ರೈಬೋಫ್ಲೇವಿನ್‌ನಂಥ, ಅಂದರೆ ಬಿ2 ಜೀವಸತ್ವದಂಥ ಅಣುಗಳು ಬೆಳಕು ಹೀರಿ ನೇರವಾಗಿ ಅದರ ಇಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ, ಮೆಥಿಲೀನ್ ಬ್ಲೂ ಬಹುಮಟ್ಟಿಗೆ ಆಮ್ಲಜನಕವನ್ನು ಛೂ ಬಿಡುತ್ತದೆ.

ಈ ಎರಡು ದಾರಿಗಳನ್ನು ಬೇರೆಮಾಡಿ ನೋಡಲು ನೀರೇ ನೆರವಿಗೆ ಬಂತು. ಸಾಮಾನ್ಯ ನೀರಿನಲ್ಲಿ ಸಿಂಗ್ಲೆಟ್ ಆಕ್ಸಿಜನ್‌ನ ಆಯುಸ್ಸು ಸುಮಾರು 4 ಮೈಕ್ರೋಸೆಕೆಂಡ್. ನೀರಿನ ಅಣುಗಳ ಕಂಪನ ಅದರ ಶಕ್ತಿಯನ್ನು ಹೀರಿಬಿಡುತ್ತದೆ. ಕೂದಲೆಳೆಯ ದಪ್ಪದ ನೂರರಲ್ಲೊಂದು ಪಾಲು ದೂರ ಸಾಗುವುದರೊಳಗೆ ಅದು ತಣ್ಣಗಾಗಿರುತ್ತದೆ. ಭಾರದ ಹೈಡ್ರೋಜನ್ ಇರುವ ನೀರಾದ ಭಾರಜಲದಲ್ಲಿ ಕಂಪನ ನಿಧಾನ, ಆಯುಸ್ಸು ಹತ್ತು ಪಟ್ಟಿಗೂ ಮಿಕ್ಕು. ಆದ್ದರಿಂದ ಭಾರಜಲಕ್ಕೆ ಬದಲಾಯಿಸಿದಾಗ ಹಾನಿ ಹೆಚ್ಚಿದರೆ, ಕೈವಾಡ ಸಿಂಗ್ಲೆಟ್ ಆಕ್ಸಿಜನ್‌ನದು ಎಂದು ಅನುಮಾನಿಸಬಹುದು.

ಗಾಯದ ಗುರುತು ಸ್ಪಷ್ಟವಾಗಲು ಇನ್ನೂ ಹೊತ್ತು ಹಿಡಿಯಿತು. 1984ರಲ್ಲಿ ಜಪಾನಿನ ಕಸಾಯಿ ಮತ್ತು ನಿಶಿಮುರ, ಗ್ವಾನಿನ್‌ನ ಎಂಟನೆಯ ಸ್ಥಾನಕ್ಕೆ ಆಮ್ಲಜನಕ ಅಂಟುವುದನ್ನು ವರದಿ ಮಾಡಿದರು. ಇದೇ 8-ಆಕ್ಸೋಗ್ವಾನಿನ್. ಬೆಳಕಿನಿಂದಾಗುವ ಮುಖ್ಯ ಗಾಯಗಳಲ್ಲಿ ಇದೂ ಒಂದೆಂದು ಮುಂದೆ ಖಚಿತವಾಯಿತು. ಮೂಲ ಗ್ವಾನಿನ್‌ಗಿಂತ ಇದು ಇನ್ನೂ ಬೇಗ ಉತ್ಕರ್ಷಿತವಾಗುತ್ತದೆ. ಡಿಎನ್‌ಎ ಸರಪಳಿಯಿಂದ ಬಿಡಿಯಾಗಿ ನೀರಿನಲ್ಲಿ ತೇಲುವ ಗ್ವಾನಿನ್ ಘಟಕಗಳಲ್ಲಂತೂ ಅಷ್ಟಕ್ಕೇ ನಿಲ್ಲದೆ ಅಣುವಿನ ಉಂಗುರದ ಆಕಾರವೇ ಬದಲಾಗುತ್ತದೆ. ಡಿಎನ್‌ಎ ನಕಲಾಗುವಾಗ ಸೈಟೋಸಿನ್ ಎಂಬ ಅಕ್ಷರ ಕೂರಬೇಕಾದೆಡೆ, ಈ ಗಾಯದೆದುರು ಅಡಿನಿನ್ ಎಂಬ ಇನ್ನೊಂದು ಅಕ್ಷರ ಬಂದು ಕೂರಬಲ್ಲದು. ದುರಸ್ತಿಯಾಗದಿದ್ದರೆ ಒಂದಕ್ಷರ ತಿದ್ದಿಹೋಯಿತು. ಬಿಸಿಲಿನ ಯುವಿ-ಎ ಕಿರಣವನ್ನು ಡಿಎನ್‌ಎ ತಾನಾಗಿ ಅಷ್ಟೇನೂ ಹೀರದಿದ್ದರೂ, ಚರ್ಮದೊಳಗಿನ ಇತರ ಅಣುಗಳು ಹೀರಿ ಹೀಗೆ ಗಾಯ ಮಾಡಬಲ್ಲವು.

ಇದೇ ಹಾನಿಯನ್ನು ವೈದ್ಯರು ದುಡಿಸಿಕೊಂಡದ್ದೂ ಉಂಟು. 1990ರ ದಶಕದಲ್ಲಿ ಜರ್ಮನಿಯಲ್ಲಿ, ದಾನಿಗಳ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಚೀಲಕ್ಕೆ ಚೂರು ಮೆಥಿಲೀನ್ ಬ್ಲೂ ಸೇರಿಸಿ ಬೆಳಕಿನಡಿ ಇಡತೊಡಗಿದರು. ಪ್ಲಾಸ್ಮಾದಲ್ಲಿ ಅವಿತ ಎಷ್ಟೋ ವೈರಸ್‌ಗಳ ಗ್ವಾನಿನ್ ಅಲ್ಲಿ ಮುರಿಯುತ್ತದೆ. ಆಮೇಲೆ ನೀಲಿಯನ್ನು ಸೋಸಿ ತೆಗೆಯುವ ಫಿಲ್ಟರೂ ಬಂತು. ಹೊಂಬಣ್ಣಕ್ಕೆ ಮರಳಿದ ಪ್ಲಾಸ್ಮಾ ರೋಗಿಯ ಹಾಸಿಗೆಯತ್ತ ಹೋಗುತ್ತದೆ.