ಊರು ಬಿಟ್ಟವರ ಗುಣ



ನಮ್ಮ ಹಾಸನ ಜಿಲ್ಲೆಯಲ್ಲಿ ಯಾವ ತಾಲ್ಲೂಕಿನವರ ಗುಣ ಎಂಥದು ಎಂದು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಚನ್ನರಾಯಪಟ್ಟಣದವರು ಮಾತಿನಲ್ಲಿ ಜೋರು, ವ್ಯವಹಾರದಲ್ಲಿ ಚುರುಕು. ಹೊಳೆನರಸೀಪುರದವರಿಗೆ ರಾಜಕೀಯ ಮಾತಾಡದಿದ್ದರೆ ಉಂಡದ್ದು ಅರಗುವುದಿಲ್ಲ. ಅರಕಲಗೂಡಿನವರು ಸಾವಧಾನಿಗಳು. ಸಕಲೇಶಪುರದ ಕಡೆಯವರು ನಯ, ಆದರೆ ಮನಸ್ಸು ಬಿಚ್ಚುವುದು ತಡ. ಹಾಸನ ಪಟ್ಟಣದವರ ಬಗ್ಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅಲ್ಲಿರುವವರಲ್ಲಿ ಮುಕ್ಕಾಲು ಮಂದಿ ಬೇರೆ ಕಡೆಯಿಂದ ಬಂದವರೇ ಅನ್ನಿಸುತ್ತದೆ.

ಈ ಮಾತುಗಳೆಲ್ಲ ಬರೀ ಸುಳ್ಳು ಎಂದು ನಾನು ಹೇಳಲಾರೆ. ಆದರೆ ಈ ಗುಣ ಜನರದೋ, ನೆಲದ್ದೋ? ಅದನ್ನು ತಿಳಿಯಬೇಕಾದರೆ ಊರಲ್ಲೇ ಉಳಿದವರನ್ನಲ್ಲ, ಊರು ಬಿಟ್ಟು ಹೋದವರನ್ನು ನೋಡಬೇಕು.

ಮೊದಲು ನೆಲ. ಒಂದೇ ಜಿಲ್ಲೆಯ ಪಶ್ಚಿಮದ ತುದಿಯಲ್ಲಿ ಸಕಲೇಶಪುರದ ಮಳೆಗಾಡು, ಕಾಫಿ, ಏಲಕ್ಕಿ. ಪೂರ್ವಕ್ಕೆ ಬಂದರೆ ಚನ್ನರಾಯಪಟ್ಟಣದ ತೆಂಗು, ರಾಗಿ; ಮಳೆ ಅಲ್ಲಿಯ ಅರ್ಧವೂ ಇಲ್ಲ. ಅರಕಲಗೂಡು ಎರಡಕ್ಕೂ ಸೇರಿದ್ದು: ಮಲ್ಲಿಪಟ್ಟಣದ ಕಡೆ ಕೊಡಗಿನ ಗಾಳಿ, ರಾಮನಾಥಪುರದ ಕಡೆ ಕಾವೇರಿ ಮತ್ತು ಹೊಗೆಸೊಪ್ಪು. ರಾತ್ರಿಯೆಲ್ಲ ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಒಟ್ಟುತ್ತ ಶಾಖ ಕಾಯುವ ಮನುಷ್ಯ ಸಾವಧಾನಿಯಾಗದೆ ಇನ್ನೇನಾಗುತ್ತಾನೆ? ತೋಟದ ನಡುವಿನ ಒಂಟಿ ಮನೆಯಲ್ಲಿ ಬೆಳೆದವನಿಗೆ ಕೂಗಿದರೆ ಕೇಳಿಸುವಷ್ಟು ಹತ್ತಿರ ನೆರೆಯಿಲ್ಲ. ಬಯಲುಸೀಮೆಯ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ಪಕ್ಕದ ಮನೆಯ ಒಗ್ಗರಣೆ ನಮ್ಮ ಮನೆಯಲ್ಲಿ ಸೀನು ತರಿಸುತ್ತದೆ. ಅಲ್ಲಿ ಮಾತು ಜೋರಾಗುವುದು ಸಹಜ.

ಇನ್ನು ನೆಲ ಬದಲಿಸಿದವರು. ಹಾಸನಕ್ಕೆ ವರ್ಗವಾಗಿ ಬಂದ ನೌಕರರು, ಇಸ್ರೋದ ನಿಯಂತ್ರಣ ಕೇಂದ್ರ 1982ರಲ್ಲಿ ಶುರುವಾದಮೇಲೆ ದೇಶದ ಎಲ್ಲೆಲ್ಲಿಂದಲೋ ಬಂದವರು, ವಲಸೆ ಎಂದರೆ ಇವರೇ ನಮ್ಮ ಕಣ್ಣಿಗೆ ಬೀಳುತ್ತಾರೆ. ನನ್ನ ಲೆಕ್ಕದಲ್ಲಿ ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ನೆಲೆ ಬದಲಿಸಿದವರು ನಮ್ಮ ಹೆಣ್ಣುಮಕ್ಕಳು. ಅದನ್ನು ನಾವು ಮದುವೆ ಎನ್ನುತ್ತೇವೆ, ವಲಸೆ ಎನ್ನುವುದಿಲ್ಲ, ಅಷ್ಟೇ. ಹೊಳೆನರಸೀಪುರದ ಹೊಳೆ ಬಯಲಿನ ಹುಡುಗಿ ಘಟ್ಟದಂಚಿನ ಮನೆ ಸೇರುತ್ತಾಳೆ. ಮುದ್ದೆ ತೊಳಸುವ ಕೈಗೆ ಕಡುಬು ಕಟ್ಟುವ ಕೆಲಸ. “ಅಕ್ಕಿ ರೊಟ್ಟಿ ತಟ್ಟೋಕ್ ಬರಲ್ವೇನವ್ವ?” ಎಂದು ಅತ್ತೆ ಕೇಳುವುದರಲ್ಲಿ ಅರ್ಧ ಅಕ್ಕರೆ, ಅರ್ಧ ಪರೀಕ್ಷೆ. ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ; ಸೌದೆ, ಹುಳಿ, ಉಪ್ಪಿನಕಾಯಿ ಎಲ್ಲ ಮುಂಗಾರಿಗೆ ಮೊದಲೇ ಕೂಡಿಡಬೇಕು. ಸಂಜೆ ಜಗಲಿಗೆ ಬಂದು ಕೂರುವ ಹೆಂಗಸರಿಲ್ಲ. ಮೊದಲ ಮಳೆಗಾಲದಲ್ಲಿ ಅವಳು ತವರಿಗೆ ಹೇಳಿಕಳಿಸುವುದು ಒಂದೇ ದೂರು, ಇಲ್ಲಿಯ ಜನ ಮಾತೇ ಆಡುವುದಿಲ್ಲ ಎಂದು. ಅದೇ ಮನೆಗೆ ನೆಂಟರು ಬಂದರೆ ಎರಡು ದಿನ ಬಿಡುವುದಿಲ್ಲ ಎಂಬುದು ಅವಳಿಗೆ ಆಮೇಲೆ ತಿಳಿಯುತ್ತದೆ. ಬಯಲಿನಲ್ಲಿ ದಿನಕ್ಕೆ ಹತ್ತು ಸಲ ಚೂರುಚೂರಾಗಿ ಹಂಚುವ ಆದರವನ್ನು ಮಲೆನಾಡಿನಲ್ಲಿ ಕೂಡಿಟ್ಟು ಒಟ್ಟಿಗೆ ಬಡಿಸುತ್ತಾರೆ. ಹತ್ತು ವರ್ಷ ಕಳೆದಮೇಲೆ ಅವಳ ತಂಗಿ ಬಂದು ನೋಡಿ, “ಅಕ್ಕ ಎಷ್ಟು ಮೆತ್ತಗಾಗವ್ಳೆ” ಎನ್ನುತ್ತಾಳೆ. ರಕ್ತದ ಗುಣವಾಗಿದ್ದರೆ ಹೀಗೆ ಬದಲಾಗುತ್ತಿತ್ತೆ?

ಬದಲಾಗದೆ ಉಳಿಯುವುದೂ ಉಂಟು, ಅದಕ್ಕೆ ಬೇರೆ ಏರ್ಪಾಟು ಬೇಕು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನು ನೋಡಿ. ತಮಿಳುನಾಡಿನ ಸೆಂಗೋಟೆಯ ಕಡೆಯಿಂದ ನಾಚಾರಮ್ಮನ ಹಿಂದೆ ಬಂದೆವು ಎಂದು ಹೇಳಿಕೊಳ್ಳುವ ಸಂಕೇತಿಗಳ ಊರು ಅದು. ಹಾಸನದ ಹತ್ತಿರದ ಕೌಶಿಕವೂ ಅವರದೇ. ಶತಮಾನಗಳು ಕಳೆದರೂ ಮನೆಯೊಳಗೆ ಸಂಕೇತಿ ಮಾತು, ಹೊರಗೆ ಕನ್ನಡ. ಊರಿಗೆ ಊರೇ ಒಟ್ಟಿಗೆ ನೆಲೆಸಿದ್ದರಿಂದ ಅದು ಸಾಧ್ಯವಾಯಿತು. ಒಬ್ಬೊಬ್ಬರೇ ಬಂದಿದ್ದರೆ ಎರಡು ತಲೆಮಾರಿಗೆ ಕರಗುತ್ತಿತ್ತು. ಇದೇ ಊರಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಮೊದಲಾಗಿ ಎಷ್ಟೋ ಸಂಗೀತಗಾರರು ಮೈಸೂರು, ಬೆಂಗಳೂರು ಸೇರಿದರು. ಮನೆ ಬದಲಾಯಿತು, ಹೆಸರಿನ ಮುಂದಿನ ‘ರುದ್ರಪಟ್ಟಣಂ’ ಬದಲಾಗಲಿಲ್ಲ.

ಬೇಕರಿಯವರ ದಾರಿ ಇದಕ್ಕೆ ಪೂರ್ತಿ ಬೇರೆ. ಹಾಸನದ ಕಡೆಯಿಂದ ಹೋದ ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಮಡಿಯ ಮನೆತನದವರು ಬಿಳಿಯರ ರೊಟ್ಟಿ ಸುಡುವುದೆಂದರೆ ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಆಮೇಲೆ ನೆಂಟ ನೆಂಟನನ್ನು ಕರೆದುಕೊಂಡ, ಊರಿನವನು ಊರಿನವನನ್ನು ಕರೆದುಕೊಂಡ. ಈಗ ‘ಅಯ್ಯಂಗಾರ್ ಬೇಕರಿ’ ಎಂಬ ಬೋರ್ಡಿನ ಕೆಳಗೆ ನಿಂತವರೆಲ್ಲ ಅಯ್ಯಂಗಾರರೇ ಆಗಬೇಕಿಲ್ಲ. ಎಷ್ಟೋ ಕಡೆ ಹಾಸನ, ಚನ್ನರಾಯಪಟ್ಟಣದ ಕಡೆಯ ರೈತರ ಮಕ್ಕಳು. ಒಲೆಯ ಮುಂದೆ ಕೆಲಸ ಕಲಿತು, ಅಷ್ಟಿಷ್ಟು ದುಡ್ಡು ಕೂಡಿಸಿ, ಇನ್ನೂ ಬೇಕರಿ ಬಾರದ ಊರು ಹುಡುಕಿಕೊಂಡು ಹೋಗುತ್ತಾರೆ. ಊರಲ್ಲಿ “ಏನ್ಲಾ” ಎಂದು ಎದೆಗೆ ಎದೆ ಕೊಡುತ್ತಿದ್ದ ಹುಡುಗ ಉತ್ತರ ಕರ್ನಾಟಕದಲ್ಲಿ ಗಲ್ಲೆಯ ಹಿಂದೆ ನಿಂತು “ಏನ್ ಕೊಡ್ಲಿ ರೀ” ಎನ್ನುತ್ತಾನೆ. ಕಪಟವಲ್ಲ ಅದು, ಬದುಕು. ಜಾತ್ರೆಗೆ ಊರಿಗೆ ಬಂದ ದಿನ ಮತ್ತೆ ಅದೇ ಜೋರು.

ಇವರೆಲ್ಲ ತಾವಾಗಿ ಹೋದವರು. ಏಳಿಸಿ ಕಳಿಸಿದವರ ಕಥೆ ಬೇರೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ನೀರಲ್ಲಿ ನಿಲ್ಲುವುದನ್ನು ನೋಡಲು ಬೆಂಗಳೂರಿನಿಂದ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಅಲ್ಲಿ ಪೂಜೆ ಮಾಡುತ್ತಿದ್ದವರು ಎಲ್ಲಿಗೆ ಹೋದರೆಂದು ಕೇಳುವವರು ಕಡಿಮೆ. ಹೊಳೆದಂಡೆಯ ಗದ್ದೆಯವನಿಗೆ ಬೇರೆಲ್ಲೋ ಗುರುತಿಲ್ಲದ ನೆಲ, ಗುರುತಿಲ್ಲದ ನೆರೆ. ಮುಯ್ಯಾಳು ಕರೆಯಲು ಹಳೆಯ ಬಾಕಿಯೇ ಇಲ್ಲದ ಊರಲ್ಲಿ ನಾಟಿ ಮಾಡುವುದು ಹೇಗೆ? ಅಂಥವನು ಬಿಗಿಯಾಗಿರುತ್ತಾನೆ. ಊರವರು ಅದಕ್ಕೆ ‘ಮುಳುಗಡೆಯವರ ಸ್ವಭಾವ’ ಎಂದು ಹೆಸರಿಡುತ್ತಾರೆ.

ಇನ್ನೊಂದು ತಮಾಷೆಯಿದೆ. ಅದೇ ನೀರು ನಾಲೆಯಲ್ಲಿ ಚನ್ನರಾಯಪಟ್ಟಣದ ಸೀಮೆಗೆ ಹರಿದು ತುಮಕೂರಿನವರೆಗೂ ಹೋಯಿತು. ಇಲ್ಲಿ ಜನ ಜಾಗ ಬಿಡಲಿಲ್ಲ, ನೀರೇ ಜಾಗ ಬದಲಿಸಿತು. ಕೆರೆ ತುಂಬಿತೇ ಎಂದು ಮುಗಿಲು ನೋಡುತ್ತಿದ್ದವರು ನಾಲೆ ಯಾವಾಗ ಬಿಡುತ್ತಾರೆ ಎಂದು ಇಂಜಿನಿಯರನ್ನೂ ಶಾಸಕರನ್ನೂ ನೋಡತೊಡಗಿದರು. ಇದ್ದಲ್ಲೇ ಇದ್ದು ಸ್ವಭಾವ ಬದಲಿಸಿಕೊಂಡವರು ಇವರು. ಆದ್ದರಿಂದ ಸೀಮೆಯ ಗುಣ ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ನೀರಿನದು, ಕೆಲಸದ್ದು, ಮನೆಗೂ ಮನೆಗೂ ನಡುವಿನ ದೂರದ್ದು ಎಂಬುದು ನನ್ನ ತೀರ್ಮಾನ.

ಕೊನೆಗೆ ಮತ್ತೆ ಮುಳುಗಡೆಯವರ ಮಾತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅವರೂರಿನ ಪಕ್ಕದ ಅಣೆಕಟ್ಟು ಮುಗಿದು ಒಂದೇ ವರ್ಷವಾಗಿತ್ತು. ಅಮೆರಿಕಕ್ಕೆ ಹೋದ ಗೊರೂರರ ಬಗ್ಗೆ ನಮ್ಮಲ್ಲಿ ಪುಸ್ತಕವಿದೆ. ಹಿನ್ನೀರಿನಿಂದ ಎದ್ದು ನಾಲ್ಕಾರು ಹರದಾರಿ ಆಚೆ ಹೋದವರ ಬಾಯಿಂದ ಬಂದ ಅಂಥ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಇಲ್ಲಿ ಕುಳಿತಿರುವ ಕಾಲೇಜಿನ ಮಕ್ಕಳಲ್ಲಿ ನನ್ನದೊಂದು ಕೋರಿಕೆ: ಊರು ಮುಳುಗಿದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ರಜೆಯಲ್ಲಿ ಅವರ ಮನೆಗಳಿಗೆ ಹೋಗಿ, ಏನು ಉಣ್ಣುತ್ತಿದ್ದರು, ಯಾರ ಗದ್ದೆಗೆ ಯಾರು ಬರುತ್ತಿದ್ದರು, ಹೊಸ ಊರಲ್ಲಿ ಮೊದಲು ಮಾತಾಡಿಸಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ.