ನದಿಯ ಪಾಲಿನ ನೆಲ

(ಪರಿಸರ ಶಿಬಿರವೊಂದರಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ಕಂದಾಯ ದಾಖಲೆಗಳಲ್ಲಿ ‘ಖರಾಬು’ ಎಂಬ ಶಬ್ದವಿದೆ. ಸಾಗುವಳಿಗೆ ಬಾರದ ನೆಲವೆಂದು ಅದರ ಅರ್ಥ. ಹಳ್ಳ, ಹೊಳೆಗಳ ಪಾತ್ರವೂ ಅದರಲ್ಲಿಯೇ ಸೇರುತ್ತದೆ. ಪಟ್ಟಣ ಬೆಳೆದಂತೆಲ್ಲ ಹೊಳೆದಂಡೆಯ ಇಂಥ ನೆಲದ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ‘ಖಾಲಿ ಬಿದ್ದಿದೆಯಲ್ಲ, ಅಭಿವೃದ್ಧಿಪಡಿಸೋಣ’ ಎನ್ನುತ್ತಾರೆ. ನದಿಯಂಚಿನ ನೆಲ ನಿಜವಾಗಿಯೂ ಖಾಲಿಯೇ? ಈ ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡು, ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡ ನಗರವೊಂದಿದೆ. ಅದು ಕೆನಡಾ ದೇಶದ ಟೊರಾಂಟೊ.

ಆ ನಗರದ ನಡುವೆ ಹರಿದು ಒಂಟಾರಿಯೊ ಸರೋವರವನ್ನು ಸೇರುವ ನದಿಯ ಹೆಸರು ಡಾನ್. ಅದರ ಮುಖದಲ್ಲಿ ವಿಶಾಲವಾದ ಜೌಗುಭೂಮಿಯಿತ್ತು. 1880ರ ದಶಕದಲ್ಲಿ ನದಿಯ ತಿರುವುಗಳನ್ನು ತೆಗೆದು ಅದನ್ನು ನೇರ ಕಾಲುವೆಯನ್ನಾಗಿಸಿದರು. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಜೌಗನ್ನು ಮುಚ್ಚಿ ಬಂದರಿಗೆ, ಕೈಗಾರಿಕೆಗಳಿಗೆ ನೆಲ ಮಾಡಿಕೊಂಡರು. ನದಿಯು ಕೊನೆಯಲ್ಲಿ ಲಂಬಕೋನದಲ್ಲಿ ತಿರುಗಿ ಸರೋವರ ಸೇರಬೇಕಾಯಿತು. ಹರಿಯುವ ನೀರಿಗೆ ಇಂಥ ತಿರುವು ಒಗ್ಗುವುದಿಲ್ಲವೆಂಬುದನ್ನು ತೋಟಕ್ಕೆ ಕಾಲುವೆ ತೋಡಿದ ಯಾವ ರೈತನೂ ಬಲ್ಲ.

1954ರ ಅಕ್ಟೋಬರಿನಲ್ಲಿ ಹೇಜಲ್ ಎಂಬ ಚಂಡಮಾರುತ ಬಂದೆರಗಿತು. 48 ಗಂಟೆಗಳಲ್ಲಿ ಸುಮಾರು 285 ಮಿ.ಮೀ. ಮಳೆ ಸುರಿದು, ಆ ಪ್ರದೇಶದಲ್ಲಿ 81 ಜನರು ಪ್ರಾಣ ಕಳೆದುಕೊಂಡರು. ಅನಂತರ ಅಲ್ಲಿ ನೆರೆಬಯಲುಗಳಲ್ಲಿ ಮನೆ ಕಟ್ಟುವುದಕ್ಕೆ ಕಡಿವಾಣ ಬಿದ್ದಿತು. ಹೇಜಲ್ ಪ್ರಮಾಣದ ಮಳೆಯೇ ನೆರೆಯ ಅಳತೆಗೋಲಾಯಿತು.

ಡಾನ್ ನದಿಯ ಪಶ್ಚಿಮ ದಂಡೆಯಲ್ಲಿ, ನಗರದ ಹೃದಯಭಾಗಕ್ಕೆ ಹೊಂದಿಕೊಂಡಂತೆ, ಹಳೆಯ ಕಾರ್ಖಾನೆಗಳೂ ರೈಲು ಅಂಗಳಗಳೂ ಇದ್ದ ಸುಮಾರು 80 ಎಕರೆ ನೆಲವಿತ್ತು. 1988ರಲ್ಲಿ ಸರ್ಕಾರ ಅದನ್ನು ವಸತಿ ಬಡಾವಣೆಗೆಂದು ಸ್ವಾಧೀನಪಡಿಸಿಕೊಂಡಿತು. ಆಗ ಎರಡು ಸತ್ಯಗಳು ಎದುರು ನಿಂತವು: ಮಣ್ಣು ಕೈಗಾರಿಕಾ ವಿಷದಿಂದ ಕೆಟ್ಟಿತ್ತು; ನೆಲ ನೆರೆಯ ದಾರಿಯಲ್ಲಿತ್ತು. ಇವೆರಡನ್ನೂ ಸರಿಪಡಿಸುವ ವೆಚ್ಚಕ್ಕೆ ಹೆದರಿ 1992ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಬೆಳೆಯುತ್ತಿದ್ದ ಮಹಾನಗರದ ನಡುವೆ ಆ ನೆಲ ವರ್ಷಗಟ್ಟಲೆ ಪಾಳುಬಿದ್ದಿತು.

2001ರಲ್ಲಿ ಮೂರು ಹಂತದ ಸರ್ಕಾರಗಳು ಕೂಡಿ ದಂಡೆಯ ಪುನರುಜ್ಜೀವನಕ್ಕೆ ಸಂಸ್ಥೆಯೊಂದನ್ನು ರಚಿಸಿದವು. ಈ ಬಾರಿ ಕೆಲಸದ ಕ್ರಮ ಬದಲಾಯಿತು. ಮೊದಲು ಎದ್ದದ್ದು ಕಟ್ಟಡವಲ್ಲ, ಜೇಡಿಮಣ್ಣಿನ ಗರ್ಭವುಳ್ಳ ಅಗಲವಾದ ಮಣ್ಣಿನ ದಿಬ್ಬ. ಅದು ನಗರಕೇಂದ್ರದ ಸುಮಾರು 210 ಹೆಕ್ಟೇರ್ ಪ್ರದೇಶವನ್ನು ನೆರೆಯಿಂದ ಕಾಯುತ್ತದೆ. 2013ರಲ್ಲಿ ಆ ದಿಬ್ಬದ ಮೇಲೆಯೇ ಸಾರ್ವಜನಿಕ ಉದ್ಯಾನ ತೆರೆಯಿತು. 2015ರ ಪಾನ್ ಅಮೆರಿಕನ್ ಕ್ರೀಡಾಕೂಟಕ್ಕೆ ಬಂದ ಕ್ರೀಡಾಪಟುಗಳ ವಸತಿಗಳು ಅದರ ಹಿಂದೆ ಎದ್ದವು. ಕೂಟ ಮುಗಿದ ಮೇಲೆ ಅವು ಸಾಮಾನ್ಯ ಬಡಾವಣೆಯಾದವು. ಕಡಿಮೆ ಬಾಡಿಗೆಯ ಮನೆಗಳಿಗೂ ವಿದ್ಯಾರ್ಥಿ ನಿಲಯಕ್ಕೂ ಅಲ್ಲಿ ಪಾಲು ದೊರೆಯಿತು.

ನದಿಯ ಮುಖದಲ್ಲಿ ನಡೆದದ್ದು ಇನ್ನೂ ದೊಡ್ಡ ಕೆಲಸ. 2017ರಲ್ಲಿ 125 ಕೋಟಿ ಕೆನಡಾ ಡಾಲರ್‌ಗಳ ಅನುದಾನ ದೊರೆತು, ಹಿಂದೆ ಜೌಗನ್ನು ಮುಚ್ಚಿ ಮಾಡಿದ್ದ ನೆಲವನ್ನೇ ಮತ್ತೆ ಅಗೆದು, ಸುಮಾರು ಒಂದು ಕಿಲೋಮೀಟರ್ ಉದ್ದದ ಹೊಸ ಬಾಗುಪಾತ್ರವನ್ನು ನಿರ್ಮಿಸಿದರು. 2024ರಲ್ಲಿ ನದಿ ಅದರಲ್ಲಿ ಹರಿಯತೊಡಗಿತು. 2025ರ ಜುಲೈನಲ್ಲಿ ಅದರ ದಂಡೆಯ ಉದ್ಯಾನ ಜನರಿಗೆ ತೆರೆಯಿತು.

ಮಣ್ಣನ್ನು ಅಭ್ಯಾಸ ಮಾಡುವ ನನಗೆ ಅತ್ಯಂತ ಪ್ರಿಯವಾದ ಸಂಗತಿಯೊಂದು ಈ ಅಗೆತದ ವೇಳೆ ನಡೆಯಿತು. ಬಿಸಿಲು, ಗಾಳಿ ತಾಗಿದ ಹಳೆಯ ಮಣ್ಣಿನಿಂದ ಜೌಗುಹುಲ್ಲುಗಳು ತಾವಾಗಿಯೇ ಮೊಳೆತವು. ಸುಮಾರು ನೂರು ವರ್ಷ ಹೂತುಹೋಗಿದ್ದ ಬೀಜಗಳು ಜೀವ ಹಿಡಿದು ಕಾದಿದ್ದವು! ಖಾಲಿಯೆಂದು ನಾವು ಕರೆದ ನೆಲ ತನ್ನ ಪೂರ್ವಸ್ಥಿತಿಯನ್ನು ಮರೆತಿರಲಿಲ್ಲ.

ಆದರೆ ನದಿಮುಖವನ್ನು ಸರಿಪಡಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. 2024ರ ಜುಲೈ 16ರಂದು ಟೊರಾಂಟೊದಲ್ಲಿ ಸುಮಾರು 98 ಮಿ.ಮೀ. ಮಳೆಯಾಯಿತು. ನಮ್ಮ ಆಗುಂಬೆ ಸೀಮೆಯಲ್ಲಿ ಅದು ಮಳೆಗಾಲದ ಸಾಮಾನ್ಯ ದಿನ. ಅಲ್ಲಿಯೋ ಡಾನ್ ಕಣಿವೆಯ ಹೆದ್ದಾರಿ ಮುಳುಗಿ ಕಾರುಗಳು ಸಿಕ್ಕಿಬಿದ್ದವು. ಜಲಾನಯನದ ಬಹುಪಾಲು ಕಾಂಕ್ರೀಟು, ಡಾಂಬರುಗಳಿಂದ ಮುಚ್ಚಿಹೋಗಿದ್ದು, ಬಿದ್ದ ನೀರು ಇಂಗದೆ ಏಕಕಾಲಕ್ಕೆ ನದಿಗೆ ಧಾವಿಸುವುದೇ ಇದಕ್ಕೆ ಮುಖ್ಯ ಕಾರಣ.

ಇಲ್ಲಿ ಆ ಕಥೆ ನಮ್ಮ ಬಾಗಿಲಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ತುಂಗೆಯ ನೀರು ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ತಾವು ಕಂಡಿದ್ದೀರಿ. ಕೆಳಗಿನ ಪಟ್ಟಣದ ದಂಡೆಯ ಭವಿಷ್ಯವು ಮೇಲಿನ ಕಾನು, ಹಡ್ಲು, ಸೊಪ್ಪಿನಬೆಟ್ಟಗಳ ಸ್ಥಿತಿಗೆ ಕಟ್ಟುಬಿದ್ದಿದೆ. ನಾವು ಹಳ್ಳದಂಚಿನ ಕಾಡನ್ನು ಉಳಿಸಿದರೆ ಅದು ನಮಗೆ ಮಾತ್ರವಲ್ಲ, ಕೆಳಗಿನವರಿಗೂ ರಕ್ಷಣೆ.

ಹೊಳೆದಂಡೆಯಲ್ಲಿ ಏನನ್ನೂ ಮಾಡಬಾರದೆಂದು ನನ್ನ ವಾದವಲ್ಲ. ಪಟ್ಟಣಗಳಿಗೆ ಮನೆ ಬೇಕು, ಉದ್ಯಾನ ಬೇಕು. ಆದರೆ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು. ದೊಡ್ಡ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಆ ಮಣ್ಣಿನಲ್ಲಿ ಏನಿದೆ? ಕಟ್ಟಿದ ಮೇಲೆ ಅಲ್ಲಿ ಬದುಕುವವರು ಯಾರು? ನಿಮ್ಮೂರಿನ ಹೊಳೆದಂಡೆಗೆ ಯಾವುದೇ ಯೋಜನೆಯ ನಕ್ಷೆ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮೂರನ್ನೂ ಕೇಳಿರಿ. ವಿದ್ಯಾರ್ಥಿಗಳೇ, ಊರ ಹಿರಿಯರನ್ನು ಕೇಳಿ, ಹಿಂದಿನ ನೆರೆಯ ನೀರು ಮುಟ್ಟಿದ ಮರ, ಕಲ್ಲು, ಗೋಡೆಗಳನ್ನು ಈ ಬೇಸಿಗೆಯಲ್ಲಿಯೇ ಗುರುತಿಸಿ ಬರೆದಿಡಿರಿ. ನದಿಯ ಪಾಲು ಎಷ್ಟೆಂಬುದಕ್ಕೆ ಅದೇ ನಿಮ್ಮ ದಾಖಲೆ.