ಘೋಷಣೆಯ ಉತ್ತರಾರ್ಧ

ಆಗಸ್ಟ್ 15ರ ಪ್ರಭಾತಫೇರಿ ನಿಮಗೆ ನೆನಪಿರಬಹುದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ರಾತ್ರಿ ಮಳೆಗೆ ಕೆಸರಾದ ಬೀದಿ, ಸಾಲು ಕೆಡದಂತೆ ಕಾಯುವ ಪಿ.ಟಿ. ಮೇಷ್ಟ್ರು. ಅವರು ‘ಮಹಾತ್ಮಾ ಗಾಂಧೀಜಿ ಕೀ’ ಎಂದು ನಿಲ್ಲಿಸುತ್ತಿದ್ದರು. ‘ಜೈ’ ಎನ್ನುವುದು ನಮ್ಮ ಪಾಲು. ಕಣ್ಣೆಲ್ಲ ಆಮೇಲೆ ಸಿಗುವ ಬೂಂದಿ ಲಾಡುವಿನ ಮೇಲಿದ್ದರೂ ಆ ‘ಜೈ’ಗೆ ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಅರ್ಧ ಹೇಳುವವರದು, ಅರ್ಧ ಕೇಳಿಸಿಕೊಂಡವರದು. ಸ್ವಾತಂತ್ರ್ಯ ಚಳವಳಿಯ ಘೋಷಣೆಗಳು ಇಂದಿನ ಹುಡುಗ ಹುಡುಗಿಯರಿಗೆ ಏನು ಹೇಳುತ್ತವೆ ಎಂದು ಕೇಳಿದರೆ, ನಾನು ಉತ್ತರ ಹುಡುಕುವುದು ಈ ಎರಡನೆಯ ಅರ್ಧದಲ್ಲಿ.

ತಿಲಕರ ಮಾತನ್ನೇ ತೆಗೆದುಕೊಳ್ಳಿ. ‘ಸ್ವರಾಜ್ಯ ನನ್ನ ಜನ್ಮಸಿದ್ಧ ಹಕ್ಕು.’ ಶಾಲೆಯ ಗೋಡೆಗಳ ಮೇಲೆ ಹೆಚ್ಚಾಗಿ ಇಲ್ಲಿಗೇ ಬಣ್ಣ ಮುಗಿದಿರುತ್ತದೆ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ‘ಅದನ್ನು ಪಡೆದೇ ತೀರುತ್ತೇನೆ’ ಎಂಬುದು ಅದರ ಉತ್ತರಾರ್ಧ. ಅದಕ್ಕೆ ಮುಂಚೆ ನಮ್ಮ ಮುಖಂಡರಲ್ಲಿ ಅನೇಕರು ಸರ್ಕಾರಕ್ಕೆ ಬಿನ್ನವತ್ತಳೆ ಸಲ್ಲಿಸಿ ಕಾಯುತ್ತಿದ್ದರು. ಬೇಡುವ ಜಾಗದಲ್ಲಿ ತಿಲಕರು ‘ಹಕ್ಕು’ ಎಂಬ ಪದವನ್ನು ತಂದು ಕೂರಿಸಿದರು. ಮಂಡಾಲೆಯ ಸೆರೆಯಲ್ಲಿ ಆರು ವರ್ಷ ಕಳೆದು 1914ರಲ್ಲಿ ಹೊರಬಂದಿದ್ದ ಮನುಷ್ಯ ಅವರು. 1916ರ ಏಪ್ರಿಲ್‌ನಲ್ಲಿ ನಮ್ಮ ಬೆಳಗಾವಿಯಲ್ಲೇ ತಮ್ಮ ಹೋಂ ರೂಲ್ ಲೀಗ್ ಕಟ್ಟಿದರು. ‘ತೀರುತ್ತೇನೆ’ ಎಂಬ ಕ್ರಿಯಾಪದಕ್ಕೆ ಬೆಲೆ ತೆತ್ತವರೇ ಅದನ್ನು ಆಡಿದ್ದರಿಂದ ಜನ ನಂಬಿದರು.

ಇನ್ನು ‘ಇನ್ಕಿಲಾಬ್ ಜಿಂದಾಬಾದ್’. ಇದನ್ನು ಕೊಟ್ಟವರು ಉರ್ದು ಕವಿ ಹಸ್ರತ್ ಮೊಹಾನಿ. ದೇಶದ ಮೂಲೆ ಮೂಲೆಗೆ ಮುಟ್ಟಿಸಿದವರು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ. 1929ರ ಏಪ್ರಿಲ್ 8ರಂದು ದಿಲ್ಲಿಯ ಶಾಸನಸಭೆಯಲ್ಲಿ, ಯಾರೂ ಸಾಯದಂತೆ ಜಾಗ ನೋಡಿ ಬಾಂಬ್ ಎಸೆದು, ಈ ಘೋಷಣೆ ಕೂಗಿ, ಓಡದೆ ನಿಂತು ಸೆರೆಯಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಸಿದ್ಧ ಪತ್ರಿಕೆಯೊಂದರ ಸಂಪಾದಕರು ಈ ಘೋಷಣೆಯನ್ನು ಟೀಕಿಸಿದರು. ಇಪ್ಪತ್ತೆರಡರ ಭಗತ್ ಸಿಂಗ್ ಸಿಟ್ಟಾಗಲಿಲ್ಲ, ಬೈಯಲಿಲ್ಲ. ದತ್ತರೊಡನೆ ಸೆರೆಮನೆಯಿಂದ ಒಂದು ಕಾಗದ ಬರೆದು ಅರ್ಥ ಬಿಡಿಸಿ ಹೇಳಿದರು. 63 ದಿನ ಉಪವಾಸ ಮಾಡಿ ಸೆರೆಯಲ್ಲೇ ಪ್ರಾಣಬಿಟ್ಟ ಜತೀನ್ ದಾಸ್ ಅವರಿಗೆ ಜನ ‘ಜಿಂದಾಬಾದ್’ ಎನ್ನುತ್ತಾರಲ್ಲ, ಅವರ ದೇಹ ಬದುಕಿರಲಿ ಎಂದಲ್ಲ, ಅವರ ಆದರ್ಶ ಬಾಳಲಿ ಎಂದು. ಹಾಗೆಯೇ ಇನ್ಕಿಲಾಬ್ ಎಂದರೆ ಸದಾ ರಕ್ತಪಾತವಲ್ಲ, ಒಳಿತಿನ ಕಡೆಗೆ ಬದಲಾಗಬೇಕೆಂಬ ಹಂಬಲ. ಕಾಗದದ ತಿರುಳು ಇದು. ಕೂಗಿದ ಮಾತಿಗೆ ಅರ್ಥ ಹೇಳಬಲ್ಲೆನೇ? ಒಪ್ಪದವರಿಗೆ ಸಮಾಧಾನದಿಂದ ಹೇಳಬಲ್ಲೆನೇ? ಮೊಬೈಲಿನಲ್ಲಿ ಘೋಷಣೆಯೊಂದನ್ನು ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಬಹುದಾದ ಪ್ರಶ್ನೆಗಳಿವು.

1942ರ ಆಗಸ್ಟಿನಲ್ಲಿ ಒಂದಲ್ಲ, ಎರಡು ಘೋಷಣೆ ಹೊರಟವು. ‘ಕ್ವಿಟ್ ಇಂಡಿಯಾ’ ಎಂಬ ಪದಗಳನ್ನು ಸೂಚಿಸಿದವರು ಮುಂಬಯಿಯ ಮೇಯರ್ ಯೂಸುಫ್ ಮೆಹರಲಿ ಎನ್ನುತ್ತಾರೆ. ನಮ್ಮ ಕಡೆ ಅದು ‘ಚಲೇಜಾವ್’ ಆಯಿತು. ಅದು ಆಳುವವರಿಗೆ ಹೇಳಿದ ಮಾತು. ಜೊತೆಗೆ ಗಾಂಧೀಜಿ ಕೊಟ್ಟ ‘ಮಾಡು ಇಲ್ಲವೆ ಮಡಿ’ ತಮ್ಮವರಿಗೇ ಹೇಳಿದ ಮಾತು. ‘ನೀನು ಹೋಗು’ ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಅದು ಬರೀ ಗದರಿಕೆಯಾಗಿರುತ್ತಿತ್ತು.

ಶಿಕಾರಿಪುರ ತಾಲ್ಲೂಕಿನ ಈಸೂರು ‘ಮಾಡು ಇಲ್ಲವೆ ಮಡಿ’ಯನ್ನು ಅಕ್ಷರಶಃ ತೆಗೆದುಕೊಂಡಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು.’ ಪ್ರಾಸ ಎಷ್ಟು ಸಲೀಸಾಗಿದೆ ನೋಡಿ! ‘ಕೊಡೆವು’ ಎಂಬ ಒಂದೇ ಪದದಲ್ಲಿ ‘ನಾವು’ ಇದೆ, ‘ಇಲ್ಲ’ವೂ ಇದೆ. ಊರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಚಿಕ್ಕ ಹುಡುಗರನ್ನೇ ತನ್ನ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿಕೊಂಡಿತು. ಮುಂದಿನದು ನೋವಿನ ಕಥೆ. ಸೆಪ್ಟೆಂಬರಿನ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಎರಡೂ ಕಡೆಯ ಆ ಸಾವುಗಳನ್ನು ಬಿಟ್ಟು ಪ್ರಾಸವನ್ನಷ್ಟೇ ನೆನೆದರೆ ನಾವು ಈಸೂರನ್ನು ಅರ್ಧ ಮಾತ್ರ ನೆನೆದಂತೆ.

ಮೈಸೂರು ಸೀಮೆಯಲ್ಲಿ ಕೂಗು 1947ರ ಆಗಸ್ಟ್ 15ಕ್ಕೂ ನಿಲ್ಲಲಿಲ್ಲ. ದೆಹಲಿಯಲ್ಲಿ ತ್ರಿವರ್ಣ ಹಾರಿದರೂ ಇಲ್ಲಿ ದಿವಾನರ ಆಡಳಿತವೇ ಇತ್ತು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಶುರುವಾಯಿತು. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರ ಹೆಸರಿಗೆ ಪ್ರಾಸ ಹೊಂದಿಸಿ ಜನ ‘ಆರ್ಕಾಟ್ ಬಾಯ್ಕಾಟ್’ ಎಂದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಕೇಳಿದ್ದು ಜವಾಬ್ದಾರಿ ಸರ್ಕಾರ. ಅದು ಸಿಕ್ಕ ಮೇಲೆ ಆ ಘೋಷಣೆಗೆ ಕೆಲಸ ಉಳಿಯಲಿಲ್ಲ. ಒಳ್ಳೆಯ ಘೋಷಣೆಗೆ ಒಂದು ಗುರಿ ಇರುತ್ತದೆ, ಮುಗಿಯುವ ಹೊತ್ತೂ ಇರುತ್ತದೆ.

ಇವತ್ತು ಯಾರೂ ನಮ್ಮ ಯುವಜನರನ್ನು ಮಂಡಾಲೆಗೆ ಹೋಗಿ ಎನ್ನುವುದಿಲ್ಲ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ 30 ದಿನಗಳಲ್ಲಿ ಕಚೇರಿ ಉತ್ತರಿಸಬೇಕು. ವಿದ್ಯಾರ್ಥಿವೇತನ ಏಕೆ ಬಂದಿಲ್ಲ, ರಸ್ತೆ ಏಕೆ ಅರ್ಧಕ್ಕೆ ನಿಂತಿದೆ ಎಂದು ಕೇಳಲು ಇಷ್ಟು ಸಾಕು. ಹದಿನೆಂಟು ತುಂಬಿದವರಿಗೆ ಮತವಿದೆ. 1989ಕ್ಕೆ ಮುಂಚೆ ಅದಕ್ಕೆ ಇಪ್ಪತ್ತೊಂದು ಆಗಬೇಕಿತ್ತು. ಗ್ರಾಮಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳಲು ಯಾರ ಅಪ್ಪಣೆಯೂ ಬೇಡ. ‘ಹಕ್ಕು’ ಎಂಬ ಅರ್ಧವನ್ನು ಹಿರಿಯರು ಗೆದ್ದುಕೊಟ್ಟರು. ‘ಪಡೆದೇ ತೀರುತ್ತೇನೆ’ ಎಂಬುದನ್ನು ಬೇರೆಯವರು ನಮ್ಮ ಪರವಾಗಿ ಹೇಳಲಾಗದು.

ಬರುವ ಗ್ರಾಮಸಭೆಯ ತಾರೀಖನ್ನು ನಿಮ್ಮೂರ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿರುತ್ತಾರೆ. ಒಮ್ಮೆ ಹೋಗಿ ನೋಡಿ. ಮೇಷ್ಟ್ರು ಮೊದಲರ್ಧ ಹೇಳಿ ನಿಲ್ಲಿಸಿದ್ದಾರೆ.